ರೋಗಿಗಳ ಸೇವೆ: ಬದಲಾದ ಕಾಲದಲ್ಲಿ ನಮ್ಮ ಧರ್ಮಕೇಂದ್ರದ ಹೊಣೆ

(ಶತಮಾನೋತ್ಸವದ ಅಂಗವಾಗಿ ಏರ್ಪಾಡಾಗಿದ್ದ ಭಕ್ತಜನರ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣದ ಪಾಠ)



ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ ಭಕ್ತಜನರು ಮಾಡಬೇಕಾದ ಕರ್ತವ್ಯಗಳು ಎರಡು. ಮೊದಲನೆಯದು ದೇವರಿಗೆ ಕೃತಜ್ಞತೆ ಸಲ್ಲಿಸುವುದು. ಎರಡನೆಯದು ದೇವರ ಮುಂದೆ ಲೆಕ್ಕ ಒಪ್ಪಿಸುವುದು. ಕೃತಜ್ಞತೆಯ ಮಾತುಗಳನ್ನು ನಮಗಿಂತ ಮೊದಲು ಮಾತನಾಡಿದವರು ಸೊಗಸಾಗಿ ಆಡಿದ್ದಾರೆ. ಕಾಲ್ನಡಿಗೆಯಲ್ಲಿ ಈ ಸೀಮೆಗೆ ಬಂದ ಗುರುಗಳು, ಜಪಸರ ಹಿಡಿದು ಮನೆಮನೆ ಸುತ್ತಿದ ಉಪದೇಶಿಗಳು, ಕಲ್ಲು ಹೊತ್ತು ಗೋಡೆ ಎಬ್ಬಿಸಿದ ನಿಮ್ಮ ಅಜ್ಜ ಅಜ್ಜಿಯರು, ಇವರೆಲ್ಲರನ್ನೂ ನೆನೆದಿದ್ದೇವೆ. ಲೆಕ್ಕದ ಭಾಗ ಮಾತ್ರ ನಮ್ಮ ಪಾಲಿಗೆ ಬಂದಿದೆ. ರೋಗಿಗಳ ಸೇವೆಯನ್ನು ಕುರಿತು, ಅದರಲ್ಲಿಯೂ ಎಚ್.ಐ.ವಿ. ಸೋಂಕಿತರಾದ ನಮ್ಮ ಬಂಧುಗಳ ಸೇವೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಲು ಅಪೇಕ್ಷಿಸುತ್ತೇವೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ಈ ನಾಲ್ಕು ತಾಲೂಕುಗಳು ಸರ್ಕಾರದ ಲೆಕ್ಕದಲ್ಲಿ ಮಧುಗಿರಿ ಉಪವಿಭಾಗ. ಧರ್ಮಸಭೆಯ ಲೆಕ್ಕದಲ್ಲಿ ಬೆಂಗಳೂರು ಮಹಾಧರ್ಮಪ್ರಾಂತ್ಯದ ಉತ್ತರದ ಅಂಚು. ಕಥೋಲಿಕರು ಇಲ್ಲಿ ಬೆರಳೆಣಿಕೆಯಷ್ಟು. ಮಳೆ ನಂಬಿದ ರಾಗಿ, ಕಡಲೆಕಾಯಿಗಳ ಹೊಲ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ. ಶಿರಾ ಪಟ್ಟಣದ ಪಕ್ಕದಲ್ಲಿ ಹೆದ್ದಾರಿ, ಪಾವಗಡದ ಸುತ್ತಲೂ ಆಂಧ್ರದ ಗಡಿ. ಊರು ಬಿಟ್ಟು ದುಡಿಯುವವರಿರುವ ಎಡೆಗಳಿಗೆಲ್ಲ ಈ ರೋಗ ತಡವಾಗಿಯಾದರೂ ಬಂದೇ ಬಂದಿತು. ಬಂದದ್ದು ತಪ್ಪಿತಸ್ಥರ ಮನೆಗೆ ಮಾತ್ರವಲ್ಲ. ಮದುವೆಯಾದ ವರ್ಷವೇ ಗಂಡನಿಂದ ಸೋಂಕು ಪಡೆದ ಹೆಣ್ಣುಮಕ್ಕಳ ಮನೆಗೂ, ತಾಯಿಯ ಗರ್ಭದಲ್ಲಿದ್ದ ಕೂಸಿಗೂ ಬಂದಿತು.

ಇತ್ತೀಚಿನ ವರ್ಷಗಳಲ್ಲಿ ನಾವು ಮನೆಗಳನ್ನು ಸಂದರ್ಶಿಸುವಾಗ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. “ಸ್ವಾಮಿ, ಆ ರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಮನೆ ಈಗ ಇಲ್ಲವಂತೆ, ನಿಜವೇ? ಸಿಸ್ಟರುಗಳು ಇನ್ನು ಮುಂದೆ ನಮ್ಮ ಹಳ್ಳಿಗೆ ಬರುವುದಿಲ್ಲವೇ?” ಕೆಲವರು ಇದನ್ನು ದುಃಖದಿಂದ ಕೇಳುತ್ತಾರೆ. ಕೆಲವರು ಹೊರದೇಶದ ಹಣ ನಿಂತಿತು, ಸೇವೆಯೂ ನಿಂತಿತು ಎಂದು ತುಸು ವ್ಯಂಗ್ಯವಾಗಿಯೇ ಹೇಳುತ್ತಾರೆ. ಈ ಮಾತುಗಳಿಗೆ ಉತ್ತರ ಕೊಡದೆ ಶತಮಾನೋತ್ಸವದ ಬಾಜಾಬಜಂತ್ರಿಯಲ್ಲಿ ಮುಳುಗುವುದು ಯೋಗ್ಯವಲ್ಲ. ಆದುದರಿಂದ ಏನು ಬದಲಾಯಿತು, ಏಕೆ ಬದಲಾಯಿತು, ಬದಲಾಗಕೂಡದ್ದು ಯಾವುದು ಎಂಬುದನ್ನು ಒಂದೊಂದಾಗಿ ನೋಡೋಣ.

ಧರ್ಮಸಭೆಯ ಮೊತ್ತಮೊದಲ ಆಡಳಿತ ಸುಧಾರಣೆ ನಡೆದದ್ದೇ ಬಡವರ ಸೇವೆಯ ಸಲುವಾಗಿ ಎಂಬುದನ್ನು ನಾವು ಮರೆಯಬಾರದು. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಓದಿರಿ. ಜೆರುಸಲೇಮಿನಲ್ಲಿ ಭಕ್ತರ ಸಂಖ್ಯೆ ಬೆಳೆಯಿತು. ಅನ್ನ ಹಂಚುವಾಗ ಗ್ರೀಕ್ ಮಾತನಾಡುವ ವಿಧವೆಯರು ಕಡೆಗಣಿಸಲ್ಪಟ್ಟರೆಂಬ ದೂರು ಬಂದಿತು. ಪ್ರೇಷಿತರು ದೂರಿದವರನ್ನು ಗದರಿಸಲಿಲ್ಲ. ಹಳೆಯ ಪದ್ಧತಿಯೇ ಸರಿಯೆಂದು ಹಟ ಹಿಡಿಯಲಿಲ್ಲ. ಏಳು ಮಂದಿಯನ್ನು ಆರಿಸಿ, ಹಸ್ತನಿಕ್ಷೇಪ ಮಾಡಿ, ಹೊಸ ವ್ಯವಸ್ಥೆಯನ್ನು ಕಟ್ಟಿದರು. ವ್ಯವಸ್ಥೆ ಬದಲಾದುದು ವಿಧವೆಯ ತಟ್ಟೆಗೆ ಅನ್ನ ತಪ್ಪಬಾರದೆಂಬುದಕ್ಕಾಗಿ. ಸೇವಾಸಂಸ್ಥೆಗಳ ಯಾವ ಬದಲಾವಣೆಯನ್ನಾದರೂ ಇದೇ ಅಳತೆಗೋಲಿನಿಂದ ಅಳೆಯತಕ್ಕದ್ದು.

ನಮ್ಮ ನಾಡಿನಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವೊಂದುಂಟು. ನಾವು ಗುರುಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಜನರು ಹೆಸರೆತ್ತಲು ಅಂಜುತ್ತಿದ್ದ ರೋಗವೆಂದರೆ ಕುಷ್ಠ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ರಾಜ್ಯ ಸರ್ಕಾರದ ಕೋರಿಕೆಯ ಮೇರೆಗೆ, ಅಂದಿನ ಮಹಾಧರ್ಮಾಧ್ಯಕ್ಷರಾದ ಪೂಜ್ಯ ಆರೋಕ್ಯಸ್ವಾಮಿಯವರ ನೇತೃತ್ವದಲ್ಲಿ 1977ರಲ್ಲಿ ಸುಮನಹಳ್ಳಿ ಸಂಸ್ಥೆ ಹುಟ್ಟಿತು. ಭಿಕ್ಷೆ ಬೇಡುತ್ತಿದ್ದ ಕುಷ್ಠರೋಗಿಗಳಿಗೆ ಅಲ್ಲಿ ಚಿಕಿತ್ಸೆ, ಕಸುಬು, ಮನೆ ದೊರೆತವು. 1980ರ ದಶಕದಲ್ಲಿ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂದ ಮೇಲೆ ಕುಷ್ಠವು ಪೂರ್ಣವಾಗಿ ಗುಣವಾಗುವ ಕಾಯಿಲೆಯಾಯಿತು. ಹೊಸ ರೋಗಿಗಳು ಕಡಿಮೆಯಾದರು. ಕೆಲಸ ಮುಗಿಯಿತೆಂದು ಸುಮನಹಳ್ಳಿಯವರು ಬಾಗಿಲು ಹಾಕಲಿಲ್ಲ. ಕುಷ್ಠರೋಗಿಯ ಹಾಗೆಯೇ ಊರಿನಿಂದ ಹೊರದೂಡಲ್ಪಟ್ಟ ಇನ್ನೊಬ್ಬ ಮನುಷ್ಯ ಯಾರು ಎಂದು ನೋಡಿದರು. ಆಗ ಕಣ್ಣಿಗೆ ಬಿದ್ದವರಲ್ಲಿ ಎಚ್.ಐ.ವಿ. ಸೋಂಕಿತರೂ ಇದ್ದರು. ರೋಗದ ಹೆಸರು ಬೇರೆಯಾಯಿತು. ಬಾಗಿಲಲ್ಲಿ ನಿಂತ ಮನುಷ್ಯ ಅವನೇ.

ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಅಂದಿನ ಮದರಾಸಿನಲ್ಲಿ, ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಡಾಕ್ಟರ್ ನಿರ್ಮಲಾ ಅವರ ಪರಿಶ್ರಮದಿಂದ. ಅದಕ್ಕೆ ಸ್ವಲ್ಪ ಮೊದಲೇ, 1985ರ ಕ್ರಿಸ್ತಜಯಂತಿಯ ಮುನ್ನಾದಿನ, ಕೋಲ್ಕತ್ತದ ಸಂತ ತೆರೇಸಾ ಅವರು ನ್ಯೂಯಾರ್ಕ್ ನಗರದಲ್ಲಿ ಏಡ್ಸ್ ರೋಗಿಗಳಿಗಾಗಿ ಮನೆಯೊಂದನ್ನು ತೆರೆದಿದ್ದರು. ವೈದ್ಯರೇ ಮುಟ್ಟಲು ಹಿಂಜರಿಯುತ್ತಿದ್ದ ದಿನಗಳವು. ಬೆಂಗಳೂರಿನಲ್ಲಿ ಕ್ಯಾಮಿಲಿಯನ್ ಸಭೆಯ ಗುರುಗಳು 1997ರಲ್ಲಿ ಸರ್ಜಾಪುರ ರಸ್ತೆಯಲ್ಲಿ ಸ್ನೇಹದಾನವೆಂಬ ಆರೈಕೆಯ ಮನೆಯನ್ನು ಪ್ರಾರಂಭಿಸಿದರು. ಆ ಸಭೆಯ ಸ್ಥಾಪಕರಾದ ಸಂತ ಕ್ಯಾಮಿಲಸರು (1550–1614) ಸ್ವತಃ ಕಾಲಿನ ವಾಸಿಯಾಗದ ಹುಣ್ಣಿನಿಂದ ಜೀವಮಾನವಿಡೀ ನರಳಿದವರು. ಪ್ರಾಣಾಪಾಯವಿದ್ದರೂ ರೋಗಿಗಳನ್ನು ಬಿಡುವುದಿಲ್ಲವೆಂಬುದು ಅವರ ಅನುಯಾಯಿಗಳು ಕೈಗೊಳ್ಳುವ ನಾಲ್ಕನೆಯ ವ್ರತ.

ಅಂದಿನ ಆರೈಕೆಯ ಮನೆಗಳ ಮುಖ್ಯ ಕೆಲಸವೇನು? ಕಠಿಣವಾದ ಮಾತಾದರೂ ಹೇಳಬೇಕು: ಸಾಯುವವರಿಗೆ ಮರ್ಯಾದೆಯಿಂದ ಸಾಯಲು ಒಂದು ಹಾಸಿಗೆ ಕೊಡುವುದು. ಮನೆಯವರು ಕೈಬಿಟ್ಟವರಿಗೆ ಬಾಯಿಗೆ ಗಂಜಿ, ಕೈಗೊಂದು ಕೈ, ಕಡೆಯ ಗಳಿಗೆಯಲ್ಲಿ ಪ್ರಾರ್ಥನೆ. ಔಷಧವಿದ್ದರೂ ಬಡವರಿಗೆ ಎಟುಕದ ಬೆಲೆಯಿತ್ತು.

2004ರ ಏಪ್ರಿಲ್ ಒಂದರಂದು ಕೇಂದ್ರ ಸರ್ಕಾರವು ಎ.ಆರ್.ಟಿ. ಎಂಬ ಔಷಧವನ್ನು ಉಚಿತವಾಗಿ ಕೊಡಲಾರಂಭಿಸಿತು. ಮೊದಲು ಆರಿಸಲಾದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಇಡೀ ಚಿತ್ರ ತಿರುಗಿದ್ದು ಅಲ್ಲಿಂದ. ಈ ಮಾತ್ರೆಯು ವೈರಸ್ಸನ್ನು ಬೇರುಸಹಿತ ಕಿತ್ತೊಗೆಯದು. ಆದರೆ ಅದು ಬೆಳೆಯದಂತೆ ತಡೆದು, ದೇಹದ ರೋಗನಿರೋಧಕ ಶಕ್ತಿಗೆ ಚೇತರಿಸಿಕೊಳ್ಳಲು ಅವಕಾಶ ಕೊಡುತ್ತದೆ. ಪ್ರತಿದಿನ, ಜೀವಮಾನವಿಡೀ, ತಪ್ಪದೆ ತೆಗೆದುಕೊಂಡವರು ಹೊಲದಲ್ಲಿ ದುಡಿಯುತ್ತಾರೆ, ಮಕ್ಕಳನ್ನು ಓದಿಸುತ್ತಾರೆ, ಮುಪ್ಪನ್ನೂ ಕಾಣುತ್ತಾರೆ. ರಕ್ತಪರೀಕ್ಷೆಯಲ್ಲಿ ವೈರಸ್ಸು ಕಾಣಸಿಗದಷ್ಟು ಇಳಿದು ಹಾಗೆಯೇ ಉಳಿದವರಿಂದ ಬಾಳಸಂಗಾತಿಗೆ ದಾಂಪತ್ಯದಲ್ಲಿ ಸೋಂಕು ಹರಡುವುದಿಲ್ಲವೆಂದು ವೈದ್ಯಶಾಸ್ತ್ರ ಖಚಿತಪಡಿಸಿದೆ. ಗರ್ಭಿಣಿಯು ಸಕಾಲದಲ್ಲಿ ಔಷಧ ಪಡೆದರೆ ಮಗು ಸೋಂಕಿಲ್ಲದೆ ಹುಟ್ಟುವ ಸಂಭವವೇ ಬಹಳ ಹೆಚ್ಚು. 2017ರಿಂದ, ರೋಗ ಉಲ್ಬಣಿಸುವವರೆಗೆ ಕಾಯದೆ, ಸೋಂಕು ಪತ್ತೆಯಾದೊಡನೆಯೇ ಔಷಧ ಕೊಡುವ ಕ್ರಮ ಜಾರಿಗೆ ಬಂದಿದೆ.

ಸಾಯುವವರಿಗಾಗಿ ಕಟ್ಟಿದ ಮನೆಗಳು ಹೀಗೆ ಬರಿದಾಗತೊಡಗಿದವು. ಇದು ಶೋಕಿಸತಕ್ಕ ಸಂಗತಿಯಲ್ಲ. ತೆ ದೇಯುಂ ಹಾಡತಕ್ಕ ಸಂಗತಿ. ಹಾಸಿಗೆ ಖಾಲಿಯಾದುದು ರೋಗಿ ಎದ್ದು ನಡೆದು ಹೋದುದರಿಂದ.

ಆದರೆ ಬದಲಾವಣೆಗೆ ಇನ್ನೊಂದು ಕಾರಣವೂ ಉಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಘಟ್ಟದಲ್ಲಿ, ಎಂದರೆ 2007ರಿಂದ 2012ರವರೆಗೆ, ಸಮುದಾಯ ಆರೈಕೆ ಕೇಂದ್ರಗಳೆಂಬ ಸಣ್ಣ ಒಳರೋಗಿ ಕೇಂದ್ರಗಳು ಅನುದಾನದಿಂದ ನಡೆಯುತ್ತಿದ್ದವು. ದೇಶದಾದ್ಯಂತ ಇವುಗಳಲ್ಲಿ ಅನೇಕವನ್ನು ನಡೆಸುತ್ತಿದ್ದವರು ನಮ್ಮ ಧರ್ಮಭಗಿನಿಯರು ಮತ್ತು ಗುರುಗಳೇ. ಆ ಅನುದಾನ ನಿಂತಿತು. 2013ರಿಂದ ಅವುಗಳ ಸ್ಥಾನಕ್ಕೆ ಹಾಸಿಗೆಗಳಿಲ್ಲದ ಆರೈಕೆ ಮತ್ತು ಬೆಂಬಲ ಕೇಂದ್ರಗಳು ಬಂದವು. ಮಾತ್ರೆ ಬಿಟ್ಟವರನ್ನು ಹುಡುಕಿ ಮತ್ತೆ ಆಸ್ಪತ್ರೆಗೆ ಕರೆತರುವುದು, ಆಪ್ತಸಮಾಲೋಚನೆ, ಸರ್ಕಾರಿ ಸವಲತ್ತು ಕೊಡಿಸುವುದು ಇವುಗಳ ಕೆಲಸ. ಅನಂತರ 2020ರಲ್ಲಿ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ ತಿದ್ದುಪಡಿಯಾಯಿತು. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತಿಲ್ಲವೆಂದಾಯಿತು. ಆಡಳಿತ ವೆಚ್ಚದ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆಗಳ ಮೂಲಕ ಸಹಾಯ ಪಡೆಯುತ್ತಿದ್ದ ಸಣ್ಣ ಸಂಸ್ಥೆಗಳು ಕಂಗಾಲಾದವು. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರವು ವಿದೇಶಿ ನೆರವನ್ನು ತಡೆಹಿಡಿದಾಗ ಲೋಕದ ಅನೇಕ ಬಡರಾಷ್ಟ್ರಗಳ ರೋಗಿಗಳಿಗೆ ಸಂಕಟವಾಯಿತು. ನಮ್ಮ ದೇಶದಲ್ಲಿ ಈ ಔಷಧದ ವೆಚ್ಚದ ಬಹುಭಾಗವನ್ನು ನಮ್ಮ ಸರ್ಕಾರವೇ ಭರಿಸುತ್ತಿರುವುದು ದೊಡ್ಡ ಆಸರೆ.

ಹೀಗಿರಲು, “ಹಣ ನಿಂತಿತು, ಸೇವೆ ನಿಂತಿತು” ಎಂಬ ಮಾತು ಅರ್ಧ ಸತ್ಯ. ಒಂದು ಬಗೆಯ ಸೇವೆಯ ಅಗತ್ಯ ದೇವರ ದಯೆಯಿಂದ ಕಡಿಮೆಯಾಯಿತು. ಇನ್ನೊಂದು ಬಗೆಯ ಸೇವೆಗೆ ಹಣ ಕೊಡುವವರು ಕಡಿಮೆಯಾದರು. ಈ ಎರಡನ್ನೂ ಕಲಸಿ ಹೇಳಿದರೆ ಅನ್ಯಾಯವಾಗುತ್ತದೆ.

ಕ್ಯಾಮಿಲಿಯನ್ ಗುರುಗಳ ದಾರಿಯನ್ನು ನೋಡಿರಿ. ಸಾಯುವವರ ಆರೈಕೆಯಿಂದ ತೊಡಗಿದವರು, ತಂದೆ ತಾಯಿಯನ್ನು ಕಳೆದುಕೊಂಡ ಸೋಂಕಿತ ಮಕ್ಕಳಿಗೆ ಮನೆಯಾದರು. ಔಷಧದ ಬಲದಿಂದ ಮಕ್ಕಳು ಬೆಳೆದು ಹದಿಹರೆಯಕ್ಕೆ ಬಂದಾಗ, ನೆರೆಯ ಕೃಷ್ಣಗಿರಿ ಜಿಲ್ಲೆಯಲ್ಲಿ ಸ್ನೇಹಗ್ರಾಮವನ್ನು ಕಟ್ಟಿದರು. ಬದುಕುವುದಿಲ್ಲವೆಂದು ಲೋಕ ತೀರ್ಮಾನಿಸಿದ್ದ ಮಕ್ಕಳು ಅಲ್ಲಿ ಓದಿದರು, ಕೃಷಿ ಕಲಿತರು, ದೂರದ ಓಟಗಳಲ್ಲಿ ಓಡಿದರು. ಒಂದೇ ವ್ರತಕ್ಕೆ ಮೂರು ರೂಪಗಳು. ಕಟ್ಟಡಕ್ಕೆ ಅಂಟಿಕೊಂಡಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಈಗ ನಮ್ಮ ನಾಲ್ಕು ತಾಲೂಕುಗಳಿಗೆ ಬರೋಣ. ಮಾತ್ರೆ ಉಚಿತ, ಆದರೆ ಮಾತ್ರೆಯವರೆಗಿನ ದಾರಿ ಉಚಿತವಲ್ಲ. ಪಾವಗಡದಿಂದ ಜಿಲ್ಲಾ ಕೇಂದ್ರವಾದ ತುಮಕೂರಿಗೆ ಸುಮಾರು 100 ಕಿಲೋಮೀಟರು. ಹೆಂಗಸರಿಗೆ 2023ರ ಜೂನ್ ತಿಂಗಳಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ಖರ್ಚಿಲ್ಲವೆಂಬುದು ನಿಜ. ಆದರೆ ನಮ್ಮ ಅನೇಕ ಹಳ್ಳಿಗಳಿಗೆ ಓಡುವುದು ಖಾಸಗಿ ಬಸ್ಸುಗಳು. ಗಂಡಸಿಗೆ ಬಸ್ಸಿನ ದುಡ್ಡು, ಇಬ್ಬರಿಗೂ ಒಂದು ದಿನದ ಕೂಲಿ ನಷ್ಟ. ಹತ್ತಿರದ ಆಸ್ಪತ್ರೆಯಲ್ಲಿ ಔಷಧ ದೊರೆಯುವಾಗಲೂ, ಅಲ್ಲಿ ಗುರುತಿನವರು ಕಂಡಾರೆಂಬ ಅಂಜಿಕೆಯಿಂದ ದೂರದ ಊರಿಗೇ ಹೋಗುವವರುಂಟು. ಅಕ್ಕಿಯ ಡಬ್ಬದಲ್ಲಿ ಮಾತ್ರೆಯ ಶೀಶೆ ಬಚ್ಚಿಡುವ ಸೊಸೆಯರುಂಟು. ನೆಂಟರು ಮನೆಯಲ್ಲಿದ್ದ ವಾರವೆಲ್ಲ ಮಾತ್ರೆ ನುಂಗದವರುಂಟು. ಹೀಗೆ ಬಿಟ್ಟು ಬಿಟ್ಟು ತೆಗೆದುಕೊಂಡರೆ ಔಷಧವೇ ನಾಟದಂತಾಗುತ್ತದೆ. ಕ್ಷಯರೋಗ ಬೆನ್ನಿಗೆ ಬೀಳುತ್ತದೆ. ಇಂದು ಈ ರೋಗದಲ್ಲಿ ಕೊಲ್ಲುತ್ತಿರುವುದು ವೈರಸ್ಸಿಗಿಂತ ಹೆಚ್ಚಾಗಿ ನಾಚಿಕೆ. ನಾಚಿಕೆಗೆ ಆಸ್ಪತ್ರೆಯಲ್ಲಿ ಮದ್ದಿಲ್ಲ. ಅದರ ಮದ್ದು ನೆರೆಹೊರೆಯವರ ಕೈಯಲ್ಲಿದೆ, ಎಂದರೆ ನಿಮ್ಮ ಕೈಯಲ್ಲಿದೆ.

ಸಂತ ಮಾರ್ಕರ ಶುಭಸಂದೇಶದಲ್ಲಿ ಪಾರ್ಶ್ವವಾಯು ಪೀಡಿತನನ್ನು ನಾಲ್ವರು ಹೊತ್ತು ತರುವ ಪ್ರಸಂಗ ನಿಮಗೆ ತಿಳಿದಿದೆ. ಬಾಗಿಲಲ್ಲಿ ಜನಸಂದಣಿ, ಆ ನಾಲ್ವರು ಹಿಂದಿರುಗಲಿಲ್ಲ. ಚಾವಣಿಯನ್ನು ಬಿಚ್ಚಿ ಹಾಸಿಗೆಯನ್ನು ಇಳಿಸಿದರು. ಚಾವಣಿ ಕೆಟ್ಟಿತೆಂದು ಪ್ರಭು ಗದರಲಿಲ್ಲ; ಹೊತ್ತವರ ವಿಶ್ವಾಸವನ್ನು ಕಂಡರು. ಚಾವಣಿ ಇರುವುದು ಮನುಷ್ಯನಿಗಾಗಿ. ಸಂಸ್ಥೆ, ಕಟ್ಟಡ, ಫಲಕ, ಅಧ್ಯಕ್ಷ ಪದವಿ ಇವೆಲ್ಲವೂ ಚಾವಣಿಗಳೇ. ಆದರೆ ಚಾವಣಿ ಬಿಚ್ಚಿದ ಮೇಲೆ ಹಾಸಿಗೆಯನ್ನು ನಡುವೆಯೇ ಕೈಬಿಟ್ಟರೆ ಅದು ವಿಶ್ವಾಸವಲ್ಲ, ಅಪರಾಧ. ಇಷ್ಟು ಕಾಲ ಸಂಸ್ಥೆ ಹಿಡಿದಿದ್ದ ಹಗ್ಗದ ತುದಿ ಈಗ ಧರ್ಮಕೇಂದ್ರದ ಕೈಗೆ ಬಂದಿದೆ.

ಆದುದರಿಂದ ನಾಲ್ಕು ಕೆಲಸಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು, ನಾಲಿಗೆಯ ಸಂಯಮ. ಯಾರಿಗೆ ಯಾವ ರೋಗವೆಂಬುದು ಬಾವಿಕಟ್ಟೆಯ ಮಾತಾಗಬಾರದು, ಪೂಜೆ ಮುಗಿದ ಮೇಲಿನ ಹರಟೆಯಾಗಬಾರದು. ಇದು ಧರ್ಮ ಮಾತ್ರವಲ್ಲ, ಕಾನೂನು ಸಹ. 2017ರಲ್ಲಿ ಸಂಸತ್ತು ಅಂಗೀಕರಿಸಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮವು ಶಾಲೆ, ಉದ್ಯೋಗ, ಆಸ್ಪತ್ರೆ, ಬಾಡಿಗೆ ಮನೆ ಇವುಗಳಲ್ಲಿ ಭೇದಭಾವವನ್ನು ನಿಷೇಧಿಸಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನೂ ತಡೆದಿದೆ. ಮದುವೆಯ ವಿಚಾರದಲ್ಲಿ ವಧೂವರರು ಪರಸ್ಪರ ಸತ್ಯ ಹೇಳಿಕೊಳ್ಳಬೇಕೆಂಬುದು ಬೇರೆ ಮಾತು. ಅದು ಅವರಿಬ್ಬರ ನಡುವಿನ ಪವಿತ್ರ ಕರ್ತವ್ಯ, ಊರಿನ ಸೊತ್ತಲ್ಲ.

ಎರಡನೆಯದು, ಯಾವ ರೋಗವೆಂದು ಕೇಳದ ನಿಧಿ. ಹಿಂದೆ ಸಂಸ್ಥೆಯ ಹೆಸರು ಬರೆದ ಜೀಪು ಮನೆಯ ಮುಂದೆ ನಿಂತರೆ ಸಾಕು, ಊರಿಗೆಲ್ಲ ಸುದ್ದಿಯಾಗುತ್ತಿತ್ತು. ಆ ವಿಷಯದಲ್ಲಿ ಈ ಬದಲಾವಣೆ ವರವೇ ಆಗಬಹುದು. ಕ್ಷಯ, ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ, ಎಚ್.ಐ.ವಿ. ಯಾವುದೇ ಇರಲಿ, ಔಷಧಕ್ಕಾಗಿ ದೂರ ಹೋಗಬೇಕಾದ ಯಾವ ಬಡವರಿಗೂ ಪ್ರಯಾಣದ ಹಣ, ಒಂದು ಹೊತ್ತಿನ ಊಟ, ಬೇಕಾದರೆ ಜೊತೆಗೊಬ್ಬರು, ಇವಿಷ್ಟನ್ನು ಈ ನಿಧಿ ಒದಗಿಸಲಿ. ಜಾತಿ ಮತ ಕೇಳುವುದು ಬೇಡ. ಪಾವಗಡದಲ್ಲಿ ರಾಮಕೃಷ್ಣ ಸೇವಾಶ್ರಮದವರು ಕುಷ್ಠ ಮತ್ತು ಕ್ಷಯರೋಗಿಗಳಿಗಾಗಿ ಮಾಡಿರುವ ಕೆಲಸವನ್ನು ನೀವು ಬಲ್ಲಿರಿ; ಸತ್ಕಾರ್ಯದಲ್ಲಿ ಅಂಥವರಿಂದ ಕಲಿಯಲು ಸಂಕೋಚವೇಕೆ? ಶತಮಾನೋತ್ಸವಕ್ಕೆಂದು ಕೂಡಿಸಿದ ಹಣದಲ್ಲಿ ಹತ್ತನೆಯ ಒಂದು ಪಾಲನ್ನು ಇದಕ್ಕೆ ಮೀಸಲಿಡಬೇಕೆಂದು ಪಾಲನಾ ಮಂಡಳಿಯ ಮುಂದೆ ಸೂಚನೆಯನ್ನಿಟ್ಟಿದ್ದೇವೆ. ದೀಪಾಲಂಕಾರ ಕೊಂಚ ಕಡಿಮೆಯಾದೀತು, ಆಗಲಿ. ಸಂತ ವಿನ್ಸೆಂಟ್ ದಿ ಪಾಲ್ ಸಭೆಯ ಇಬ್ಬರು ಇದನ್ನು ನೋಡಿಕೊಳ್ಳಲಿ. ವರ್ಷಕ್ಕೊಮ್ಮೆ ಪೀಠದಿಂದ ಲೆಕ್ಕ ಓದುತ್ತೇವೆ; ಎಷ್ಟು ಹಣ, ಎಷ್ಟು ಜನ ಎಂದಷ್ಟೇ ಓದುತ್ತೇವೆ, ಹೆಸರುಗಳನ್ನು ಓದುವುದಿಲ್ಲ.

ಮೂರನೆಯದು, ಔಷಧವನ್ನು ಬಿಡಿಸದಿರುವುದು. ಪ್ರಾರ್ಥನಾಕೂಟದಲ್ಲಿ ಸಮಾಧಾನ ದೊರೆತೊಡನೆ ಗುಣವಾಯಿತೆಂದು ಭಾವಿಸಿ ಮಾತ್ರೆ ನಿಲ್ಲಿಸುವವರುಂಟು; ನಿಲ್ಲಿಸೆಂದು ಹೇಳುವ ಉತ್ಸಾಹಿಗಳೂ ಉಂಟು. ವೈದ್ಯನನ್ನು ಸೃಷ್ಟಿಸಿದವರೂ ದೇವರೇ ಎಂಬುದು ನಮ್ಮ ಪವಿತ್ರ ಗ್ರಂಥದ ಬೋಧೆ. ಪ್ರಾರ್ಥಿಸಿ ಮಾತ್ರೆ ನುಂಗಿರಿ. ಮಾತ್ರೆ ನುಂಗಿ ಪ್ರಾರ್ಥಿಸಿರಿ. ಒಂದು ಮತ್ತೊಂದಕ್ಕೆ ಎದುರಲ್ಲ.

ನಾಲ್ಕನೆಯದು, ಮಕ್ಕಳು ಮತ್ತು ಸತ್ತವರು. ತಂದೆ ತಾಯಿ ತೀರಿಕೊಂಡ ಮಕ್ಕಳ ಹೊಲ ಮನೆಗಳನ್ನು ದಾಯಾದಿಗಳು ನುಂಗದಂತೆ ನೋಡಿಕೊಳ್ಳಿರಿ. ಹದಿನೆಂಟು ತುಂಬದವರನ್ನು ವಾಸದ ಮನೆಯಿಂದ ಹೊರಹಾಕಬಾರದೆಂದು ಅದೇ ಅಧಿನಿಯಮ ಹೇಳುತ್ತದೆ. ಸತ್ತವರಿಗೆ ಸ್ನಾನ ಮಾಡಿಸಲು, ಹೆಗಲು ಕೊಡಲು ಯಾರೂ ಮುಂದೆ ಬಾರದ ಮನೆ ನಮ್ಮ ಧರ್ಮಕೇಂದ್ರದ ಮೇರೆಯೊಳಗೆ ಇನ್ನು ಒಂದೂ ಇರಬಾರದು. ಹೆಗಲು ಕೊಟ್ಟವರಿಗೆ ಈ ರೋಗ ಅಂಟುವುದಿಲ್ಲ.

ಈ ನಾಲ್ಕನ್ನು ಮಾಡಿದರೆ ಧರ್ಮಭಗಿನಿಯರು ಮಾಡುತ್ತಿದ್ದುದೆಲ್ಲವನ್ನೂ ನಾವು ಮಾಡಿದಂತಾಯಿತೇ? ಇಲ್ಲ. ಶುಶ್ರೂಷೆಯ ವಿದ್ಯೆ ಕಲಿತವರ ಕೆಲಸ ಅವರದೇ. ನಮ್ಮ ಕೆಲಸ, ರೋಗಿ ಒಬ್ಬಂಟಿಗನಾಗದಂತೆ ನೋಡಿಕೊಳ್ಳುವುದು. ಅದಕ್ಕೆ ವಿದೇಶದ ಹಣ ಬೇಕಿಲ್ಲ, ಕಟ್ಟಡ ಬೇಕಿಲ್ಲ. ಯಾವ ಸರ್ಕಾರದ ಯಾವ ತಿದ್ದುಪಡಿಯೂ ಅದನ್ನು ನಿಲ್ಲಿಸಲಾರದು.

2023ರ ಅಂದಾಜಿನಂತೆ ನಮ್ಮ ದೇಶದಲ್ಲಿ ಎಚ್.ಐ.ವಿ.ಯೊಡನೆ ಬಾಳುತ್ತಿರುವವರು ಸುಮಾರು 25 ಲಕ್ಷ ಮಂದಿ. ಅಷ್ಟು ದೊಡ್ಡ ಲೆಕ್ಕ ನಮ್ಮ ಕೈಗೆ ಸಿಗುವಂಥದಲ್ಲ. ಆದರೆ ಈ ನಾಲ್ಕು ತಾಲೂಕುಗಳಲ್ಲಿ, ನಮ್ಮ ಬೀದಿಯಲ್ಲಿ, ಒಂದು ವೇಳೆ ನಮ್ಮ ಪಕ್ಕದ ಪೀಠದಲ್ಲಿಯೇ ಮೊಣಕಾಲೂರಿರುವ ಒಬ್ಬರ ಲೆಕ್ಕವನ್ನು ದೇವರು ನಮ್ಮಿಂದಲೇ ಕೇಳುತ್ತಾರೆ. ಅವರು ಯಾರೆಂದು ನಮಗೆ ತಿಳಿಯಬೇಕಿಲ್ಲ. ಯಾರೇ ಆಗಿದ್ದರೂ ಅವರಿಗೆ ಇಲ್ಲಿ ಸ್ಥಳವಿದೆಯೆಂದು ಅವರಿಗೆ ತಿಳಿದರೆ ಸಾಕು.

ರೋಗಿಗಳ ಆರೋಗ್ಯವಾದ ಮೇರಿಮಾತೆಯ ಬಿನ್ನಹದಿಂದ ಪ್ರಭು ಯೇಸುಕ್ರಿಸ್ತರು ನಿಮ್ಮನ್ನೂ ನಿಮ್ಮ ಮನೆಗಳನ್ನೂ, ವಿಶೇಷವಾಗಿ ರೋಗದಿಂದ ನರಳುವ ನಮ್ಮೆಲ್ಲ ಬಂಧುಗಳನ್ನೂ ಆಶೀರ್ವದಿಸಲಿ.